ಕೂಡ್ಲಿಗಿಯಿಂದ ಬಂದು ಹೊಳೆ ಕೇಳಿದವಳು

ನನ್ನ ನೆಗೆಣ್ಣಿಯ ಹಿಮ್ಮಡಿ ನೋಡಿದವರು ಯಾರೂ ಅವಳನ್ನು ಡಾಕ್ಟರೇಟ್ ಮಾಡಿದವಳು ಎನ್ನುತ್ತಿರಲಿಲ್ಲ. ಕಡ್ಡಿ ತೂರಿಸುವಷ್ಟು ಬಿರುಕು, ಬಿರುಕಿನೊಳಗೆ ಕೆಂಪು ಮಣ್ಣು. ನನ್ನ ಮೈದುನನನ್ನು ಮದುವೆಯಾಗಿ ಹಂಪಸಾಗರದ ನಮ್ಮ ಮನೆಗೆ ಬಂದ ದಿನ ಆ ಕಾಲಿಗೆ ಅರಿಶಿಣ ಹಚ್ಚಿದವಳು ನಾನೇ. ತಿಕ್ಕಿ ತೊಳೆದರೂ ಮಣ್ಣು ಬಿಡಲಿಲ್ಲ. "ಬಿಡಂಗಿಲ್ರಿ ಅಕ್ಕಾ, ಕೂಡ್ಲಿಗಿ ಮಣ್ಣದು" ಎಂದು ನಕ್ಕಳು. ಅವತ್ತು ನನ್ನ ಹಿಮ್ಮಡಿ ನೋಡಬೇಕಿತ್ತು, ಬೆಣ್ಣೆ ಹಚ್ಚಿದ ಹಾಗಿತ್ತು. ಬಂದ ಬೀಗರೆಲ್ಲ ಅವಳ ಕಾಲು ನೋಡಿ "ಪಾಪ, ಎಷ್ಟು ಊರು ತಿರುಗೇತಿ ಹುಡುಗಿ" ಎಂದು ಮೆಚ್ಚಿಕೊಂಡರು. ನನ್ನ ಕಾಲಿನ ಮಾತು ಯಾರೂ ಎತ್ತಲಿಲ್ಲ.

ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಮುಚ್ಚಿಡುವುದಕ್ಕೆ ಏನಿದೆ, ಅವಳಿಗೂ ಗೊತ್ತಿತ್ತು.

ಅವಳ ಕೆಲಸ ನೀರಿನದು. ಹೊಳೆ ಯಾವಾಗ ಏರುತ್ತದೆ, ಯಾವಾಗ ಬತ್ತುತ್ತದೆ, ನೆರೆ ಎಲ್ಲಿಯವರೆಗೆ ನುಗ್ಗುತ್ತದೆ, ಬರ ಯಾವ ಊರಿಗೆ ಮೊದಲು ತಟ್ಟುತ್ತದೆ ಎಂದು ಸಂಶೋಧನೆ ಮಾಡುವುದು. ಮೈದುನ ಹರಪನಹಳ್ಳಿಯಲ್ಲಿ ಕಾಲೇಜು ಮೇಷ್ಟ್ರು. ಅಲ್ಲೇ ಅವರ ಸಂಸಾರ. ಆದರೆ ಅವಳು ಹರಪನಹಳ್ಳಿಯಲ್ಲಿ ಇರುತ್ತಿದ್ದುದು ಕಡಿಮೆ. ಒಂದು ವಾರ ಕೊಟ್ಟೂರಿನ ಕಡೆ ಬತ್ತಿದ ಬೋರ್‌ವೆಲ್ ನೋಡುತ್ತಿದ್ದಳು, ಇನ್ನೊಂದು ವಾರ ಹಿರೇಹಡಗಲಿಯ ಕಡೆ ಹಳ್ಳ ಅಳೆಯುತ್ತಿದ್ದಳು. ಉಳಿದಂತೆ ನಮ್ಮ ಮನೆಯಲ್ಲಿ, ಯಾಕೆಂದರೆ ತುಂಗಭದ್ರೆ ನಮ್ಮ ಹಿತ್ತಲಿನಿಂದ ಕೂಗಳತೆ ದೂರ.

ನಾನು ಹುಟ್ಟಿದ್ದು ಹಡಗಲಿ ತಾಲ್ಲೂಕಿನ ಹೊಳೆಸಾಲಿನಲ್ಲಿ. ನಡೆಯುವುದನ್ನು ಕಲಿತ ಮೇಲೆ ಈಜು ಕಲಿತೆನೋ, ಈಜು ಕಲಿತ ಮೇಲೆ ನಡೆದೆನೋ ಎಂದು ನಮ್ಮವ್ವ ಚೇಷ್ಟೆ ಮಾಡುತ್ತಿದ್ದಳು. ಕೊಟ್ಟ ಮನೆಯೂ ಹೊಳೆದಂಡೆಯದೇ ಸಿಕ್ಕಿತು. ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಕೆಲಸವೂ ಸಿಕ್ಕಿತು. ಹೊಳೆ ನನ್ನದು ಎಂದು ಯಾರಿಗೂ ಹೇಳಬೇಕಾಗಿಯೇ ಇರಲಿಲ್ಲ. ಅಂಥದ್ದರಲ್ಲಿ ಕೂಡ್ಲಿಗಿ ಸೀಮೆಯಿಂದ, ಕೊಡ ನೀರಿಗೆ ಮೈಲಿಗಟ್ಟಲೆ ನಡೆಯುವ ಊರಿನಿಂದ ಒಬ್ಬಳು ಬಂದು, ಕೊರಳಿಗೆ ಗುರುತಿನ ಚೀಟಿ ತೂಗಿಹಾಕಿಕೊಂಡು, ನಮ್ಮ ಹೊಳೆಗೇ ಪಂಡಿತಳಾಗಿಬಿಟ್ಟಳು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ನಾನು ಮಕ್ಕಳಿಗೆ ವರ್ಷಾ ವರ್ಷಾ ಪಾಠ ಮಾಡುತ್ತಿದ್ದೆ. ಅದರ ಅರ್ಥ ಆಗ ಸರಿಯಾಗಿ ತಿಳಿಯಿತು.

ನೀರಿನ ವಿಷಯದಲ್ಲಿ ಅವಳು ಜಿಪುಣಿ. ಅಕ್ಕಿ ತೊಳೆದ ನೀರನ್ನು ಚೆಲ್ಲಲು ಬಿಡುತ್ತಿರಲಿಲ್ಲ, ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಲೋಟದಲ್ಲಿ ಯಾರಾದರೂ ಅರ್ಧ ನೀರು ಬಿಟ್ಟು ಎದ್ದರೆ ಅವರ ಬೆನ್ನನ್ನೇ ನೋಡುತ್ತ ಕೂರುತ್ತಿದ್ದಳು. "ಹೊಳಿ ದಂಡಿ ಮನ್ಯಾಗ ಇದೆಂಥ ಪಿಟಿಪಿಟಿ" ಎಂದು ನಾನು ಗೊಣಗಿದರೆ, "ಹೊಳಿ ಐತಂತ ಹೊಳಿನ ಚೆಲ್ಲಾಕ ಬರ್ತೈತೇನ್ರಿ ಅಕ್ಕಾ" ಎನ್ನುತ್ತಿದ್ದಳು. ಎದುರು ಮಾತಲ್ಲ ಅದು, ನಗುನಗುತ್ತ ಆಡುತ್ತಿದ್ದ ಮಾತು. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಯಾರ ಮನೆಗೆ ಹೋದರೂ ಅವಳ ಕೈ ಮೊದಲು ಗೋಡೆಗೆ. ಅಂಗೈಯಿಂದ ಗೋಡೆ ಸವರುತ್ತ "ಎಲ್ಲೀ ತನಕ ಬಂದಿತ್ರಿ?" ಎನ್ನುವಳು. ಹಿಂದಿನ ನೆರೆ ಗೋಡೆಯ ಎಷ್ಟು ಎತ್ತರಕ್ಕೆ ಏರಿತ್ತು ಎಂಬ ಪ್ರಶ್ನೆ ಅದು. ನಮ್ಮ ಓಣಿಯ ಮುದುಕರಿದ್ದಾರಲ್ಲ, ನಾನು ನಮಸ್ಕಾರ ಎಂದರೆ ಹೂಂ ಎಂದು ಮುಖ ತಿರುಗಿಸುವವರು, ಅವರೆಲ್ಲ ಅವಳನ್ನು ಕೂರಿಸಿಕೊಂಡು ಮಧ್ಯಾಹ್ನ ಪೂರ್ತಿ ಹೊಳೆಯ ಕತೆ ಹೇಳುತ್ತಿದ್ದರು. ಹೋಗಲಿ ಮುದುಕರು. ನಮ್ಮ ಅತ್ತೆ ಇದ್ದಾರಲ್ಲ, ಅವರದ್ದು ಕೇಳಿ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಇನ್ನೇನು ಬಂತು ಎನ್ನುವಾಗ ಇನ್ನೊಬ್ಬ ಸೊಸೆ ಬಂದಳು. ನಮ್ಮ ಮಾಳಿಗೆಯ ಮೇಲೆ ನಾನು ಸಂಡಿಗೆ ಒಣಗಿಸುವ ಜಾಗದಲ್ಲೇ ಅವಳು ಮಳೆ ಅಳೆಯುವ ಡಬ್ಬಿ ಇಟ್ಟಳು. ಸುತ್ತ ಏನೂ ಇರಬಾರದಂತೆ. ನನ್ನ ಬಟ್ಟೆಯ ಹಗ್ಗವನ್ನು ಅತ್ತೆಯೇ ಬಿಚ್ಚಿಸಿದರು. ದಿನಾ ಮುಂಜಾನೆ ಡಬ್ಬಿ ನೋಡಿ ಫೋನ್ ಮಾಡಲು ಅವಳು ನನ್ನನ್ನು ಕೇಳಿದಳು. "ನನಗ ಸಾಲಿ ಐತವಾ" ಎಂದುಬಿಟ್ಟೆ. ಆಮೇಲೆ ನೋಡಿದರೆ, ಮೊಣಕಾಲು ನೋವೆಂದು ದೇವರ ಮನೆಯ ಹೊಸ್ತಿಲು ದಾಟಲೂ ನನ್ನ ಹೆಗಲು ಹಿಡಿಯುತ್ತಿದ್ದ ಅತ್ತೆ, ಬೆಳಗಾಗುತ್ತಲೇ ಒಂದೊಂದೇ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗತೊಡಗಿದರು. ಗಾಜಿನ ಅಳತೆಯನ್ನು ಕಣ್ಣಿಗೆ ಹಿಡಿದು, ಅಲ್ಲಿಂದಲೇ ನನ್ನನ್ನು ಮೇಲಕ್ಕೆ ಕೂಗಿ, "ಸಣ್ಣಾಕಿಗೆ ಫೋನ್ ಹಚ್ಚು" ಎನ್ನುವರು. ಹಚ್ಚಿಕೊಡುವವಳು ನಾನು. "ಇವತ್ತ ನಾಕ್ ಗೀರು ಐತವಾ" ಎಂದು ಹೇಳುವಾಗ ಅವರ ಮುಖ ನೋಡಬೇಕು. ನನ್ನ ಮದುವೆಯಾದಂದಿನಿಂದ ಆ ಮುಖವನ್ನು ನನ್ನ ಯಾವ ಅಡುಗೆಗೂ ಅವರು ತೋರಿಸಿರಲಿಲ್ಲ.

ಇದೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ್ದು ಉಡಿಯ ವಿಷಯ.

ನಮ್ಮ ಹೊಳೆಸಾಲಿನಲ್ಲಿ ಬೇಸಿಗೆ ಕಳೆದು ಮಲೆನಾಡಿನ ಮಳೆಯ ಕೆಂಪು ನೀರು ಮೊದಲ ಸಲ ಇಳಿದು ಬಂದಾಗ "ಹೊಳೆ ಬಂತು" ಎನ್ನುತ್ತೇವೆ. ತವರಿಗೆ ಮಗಳು ಬಂದ ಹಾಗೆ ಸಂಭ್ರಮ. ಹೆಂಗಸರೆಲ್ಲ ಪಾವಟಿಗೆಯ ಕಲ್ಲು ಮೆಟ್ಟಿಲು ಇಳಿದು ಹೋಗಿ, ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ, ಹಸಿರು ಬಳೆ ಇಟ್ಟು ಗಂಗವ್ವನ ಉಡಿ ತುಂಬಿ ನೀರಿಗೆ ಬಿಡುತ್ತೇವೆ. ನಮ್ಮ ಮನೆತನದ ಮೊರವೇ ಮೊದಲು ನೀರಿಗಿಳಿಯಬೇಕು, ಅದನ್ನು ಬಿಡುವವಳು ಮನೆಯ ಹಿರಿಯ ಹೆಂಗಸು. ಅಷ್ಟು ವರ್ಷ ಅತ್ತೆ ಬಿಟ್ಟಿದ್ದರು. ಈ ಮೊಣಕಾಲಿಗೆ ಇನ್ನು ಜಾರುವ ಪಾವಟಿಗೆ ಆಗದು ಎಂದು ಅವರು ಕೈಚೆಲ್ಲಿದ ವರ್ಷ, ಇನ್ನು ಹಿರೇಸೊಸೆಯಾದ ನನ್ನ ಸರದಿ ಎಂದು ನಾನು ಹಸಿರು ಸೀರೆ ತೆಗೆದಿಟ್ಟುಕೊಂಡು ಕಾಯುತ್ತಿದ್ದೆ. ಅತ್ತೆ ಎಲೆ ಅಡಿಕೆ ಮೆಲ್ಲುತ್ತ, ಪಲ್ಯಕ್ಕೆ ಉಪ್ಪು ಸಾಲದು ಎನ್ನುವ ದನಿಯಲ್ಲಿ, "ಈ ವರ್ಷ ಸಣ್ಣಾಕಿ ಬಿಡ್ಲಿ. ಹೊಳಿ ಸಲುವಾಗಿ ಅಷ್ಟು ತಿರುಗ್ತಾಳ" ಎಂದರು.

ಮೈಯೆಲ್ಲ ಉರಿದುಹೋಯಿತು. ನೀರಿಗೆ ಕಾಲಿಡಲು ಹೆದರುವವಳು, ಪಾವಟಿಗೆಯ ಕಂಬ ಹಿಡಿದುಕೊಂಡು ಬಗ್ಗಿ, ಮೊರವನ್ನು ಸೊಟ್ಟಗೆ ಬಿಟ್ಟಳು. ಅದು ಅಲ್ಲೇ ತಿರುಗಿ ಕಲ್ಲಿಗೆ ತಾಗಿ ನಿಂತಿತು. ನಾನು ನೀರಿಗಿಳಿದು ಸರಿಯಾಗಿ ತಳ್ಳಿ ಬಂದೆ. "ನೀವು ಇದ್ದದ್ದು ಚಲೋ ಆತ್ರಿ ಅಕ್ಕಾ" ಎಂದಳು. ಅವತ್ತು ರಾತ್ರಿ ಊಟಕ್ಕೆ ಕೂರುವಾಗ ನಾನು ಅವಳ ಪಕ್ಕ ಕೂರಲಿಲ್ಲ.

ಮರುವರ್ಷ ಮಳೆಗಾಲದ ಶುರುವಿಗೆ, ಒಂದು ಶನಿವಾರ ಸಂಜೆ ಅವಳ ಫೋನು ಬಂತು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಅವಳಿಗೆ ತಕ್ಷಣ ತಿಳಿಯುತ್ತಿತ್ತು. ನಮ್ಮ ಊರಿನಲ್ಲಿ ಫೋನು ಮಾಳಿಗೆ ಹತ್ತಿದರಷ್ಟೇ ಸರಿಯಾಗಿ ಕೇಳುತ್ತದೆ, ಅದೂ ಗಾಳಿ ಇಲ್ಲದಿದ್ದರೆ.

"ಅಕ್ಕಾ, ನಾಳೆ ಮುಂಜಾನಿಗೆ ಹೊಳಿ ಬರ್ತೈತ್ರಿ. ಊರಾಗ ಎಲ್ಲಾರ್ಗೂ ಹೇಳ್ರಿ."

"ಚಲೋ ಆತು ಬಿಡವಾ. ನೀ ಏನ್ ಬರಬ್ಯಾಡ, ನಾ ಎಲ್ಲಾ ನೋಡ್ಕೊಂತೀನಿ" ಎಂದೆ. ಅವಳು ಮತ್ತೇನೋ ಹೇಳುತ್ತಿದ್ದಳು, ಗಾಳಿಯಲ್ಲಿ ಹೋಯಿತು.

ನನಗಾದ ಖುಷಿ ಹೇಳತೀರದು. ಅವಳು ಹರಪನಹಳ್ಳಿಯಲ್ಲಿ, ಹೊಳೆ ಇಲ್ಲಿ, ಮೊರ ನನ್ನ ಕೈಯಲ್ಲಿ. ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಹೂರಣಕ್ಕೆ ಕಡಲೆಬೇಳೆ ಇಟ್ಟೆ. ಹೆಂಗಸರು ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದರು. ಗಂಡಸರು ದಂಡೆಯ ಮೇಲಿನ ಪಂಪ್‌ಸೆಟ್ಟನ್ನು ಇದ್ದಲ್ಲೇ ಬಿಟ್ಟು ನಿಶ್ಚಿಂತೆಯಿಂದ ಮಲಗಿದರು.

ಬೆಳಿಗ್ಗೆ ಹೋದಾಗ ನೀರು ಕೆಂಪಾಗಿತ್ತು. ನೋಡಲು ಎಂದಿನ ಹೊಸ ನೀರಿನ ಹಾಗೇ. ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದಿದ್ದರಿಂದ ಇಬ್ಬರು ಹೆಂಗಸರು ಅವರನ್ನು ನಡೆಸಿಕೊಂಡು ಬಂದು ಕೆಳಗಿನ ಪಾವಟಿಗೆಯ ಮೇಲೆ ಕೂರಿಸಿದರು. ನಾನು ಮೊಣಕಾಲುದ್ದ ನೀರಿಗಿಳಿದು ಮೊರಕ್ಕೆ ಆರತಿ ಮಾಡುತ್ತಿದ್ದೆ. ಆರತಿ ಮುಗಿಯುವುದರೊಳಗೆ ನೀರು ಸೊಂಟಕ್ಕೆ ಬಂತು. ಆಗಲೂ ನಾನು ಗಂಗವ್ವ ಒಲಿದಳೆಂದೇ ತಿಳಿದೆ.

ಮೇಲೆ ದಂಡೆಯ ಮೇಲೆ ಯಾರೋ ಕೂಗಿದರು. "ಹಳ್ಳ ಬಂತು, ಓಡ್ರಿ, ಹಳ್ಳ ಬಂತು" ಎಂದು. ನೋಡಿದರೆ ನೆಗೆಣ್ಣಿ. ಮೊದಲ ಬಸ್ಸಿಗೇ ಹಗರಿಬೊಮ್ಮನಹಳ್ಳಿಗೆ ಬಂದು, ಅಲ್ಲಿಂದ ಯಾರದೋ ಬೈಕು ಹತ್ತಿ ಬಂದಿದ್ದಳು. ಚಪ್ಪಲಿ ಎಲ್ಲೋ ಬಿಟ್ಟು, ಕೂದಲು ಬಿಚ್ಚಿಹೋಗಿ, ಪಾವಟಿಗೆಯ ಮೇಲೆ ಜಾರುತ್ತ ಇಳಿದು ಬರುತ್ತಿದ್ದಳು. ಇಷ್ಟು ದೊಡ್ಡ ಹೊಳೆಯನ್ನು ಹಳ್ಳ ಅಂತಾಳಲ್ಲ ಎಂದು ನನಗೆ ಮೊದಲು ಬಂದದ್ದು ಸಿಟ್ಟೇ. ಅಷ್ಟರಲ್ಲಿ ಮೊರ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು, ನಾನು ಬಿಟ್ಟದ್ದಲ್ಲ. ತಿರುಗಿದರೆ ಅತ್ತೆ ಎದೆಯುದ್ದ ನೀರಿನಲ್ಲಿ, ಏಳಲಾಗದೆ ಕಲ್ಲನ್ನು ತಬ್ಬಿಕೊಂಡು ಕೂತಿದ್ದಾರೆ. ಈಜು ಬಾರದ ನನ್ನ ನೆಗೆಣ್ಣಿ ನೀರಿಗೆ ಬಿದ್ದಳು. ಬಿದ್ದಳು ಎಂದೇ ಹೇಳಬೇಕು, ಇಳಿಯುವುದು ಅವಳಿಗೆ ಗೊತ್ತಿರಲಿಲ್ಲ. ಅವಳು ಅತ್ತೆಯ ಕಂಕುಳಿಗೆ ಕೈ ಹಾಕಿದಳು, ನಾನು ಈಜಿ ಬಂದು ಇನ್ನೊಂದು ಕಂಕುಳಿಗೆ ಕೈ ಹಾಕಿದೆ. ಅತ್ತೆಯನ್ನು ನಾನು ಎಳೆದೆನೋ, ಅವಳು ಎಳೆದಳೋ, ಹೇಗೋ ಮೂವರೂ ಮೇಲೆ ಬಂದೆವು. ಉಳಿದ ಹೆಂಗಸರು ಆಗಲೇ ದಂಡೆ ಹತ್ತಿದ್ದರು. ಸ್ವಲ್ಪ ಹೊತ್ತಿಗೆ ಪಾವಟಿಗೆ ಕಾಣಲಿಲ್ಲ, ಪಂಪ್‌ಸೆಟ್ಟೂ ಕಾಣಲಿಲ್ಲ.

ಏದುಸಿರು ಬಿಡುತ್ತ ಅವಳು ಕೇಳಿದಳು: "ನಾ ಫೋನಿನ್ಯಾಗ ಹೇಳಿದ್ದಿಲ್ಲೇನ್ರಿ ಅಕ್ಕಾ?"

"ಹೊಳಿ ಬರ್ತೈತಿ ಅಂದಿ. ಅದಕ್ಕ ಉಡಿ ತಗೊಂಡು ಬಂದ್ವಿ."

ಅವಳು ನನ್ನ ಮುಖವನ್ನೇ ನೋಡಿದಳು. "ನಮ್ಮ ಕಡಿ ಹಳ್ಳ ಬಂತಂದ್ರ ಆಡು ಮರಿ ಎತ್ಕೊಂಡು ದಿಬ್ಬ ಹತ್ತೋದ್ರಿ. ಮ್ಯಾಲೆಲ್ಲೋ ಮಳಿ ಆಗಿ ಒಣಾ ಹಳ್ಳದಾಗ ಗೋಡಿ ಎದ್ದಂಗ ಬರ್ತೈತಿ. ಬಂತು ಅಂದ್ರ ಓಡು ಅಂತ. ನಾ ಆ ಲೆಕ್ಕದಾಗ ಹೇಳಿದೆ" ಎಂದಳು. ಆಮೇಲೆ ಅಳತೊಡಗಿದಳು. ಅಳುತ್ತಲೇ ನಗತೊಡಗಿದಳು. "ಇಷ್ಟು ವರ್ಷ ಓದೀನ್ರಿ, ನಿಮ್ಮೂರಾಗ 'ಬಂತು' ಅಂದ್ರ ಏನಂತ ಕೇಳ್ಲಿಲ್ಲ."

ಒಂದೇ ಮಾತು, ಅವಳೂರಿನಲ್ಲಿ ಓಡುವುದಕ್ಕೆ, ನಮ್ಮೂರಿನಲ್ಲಿ ಉಡಿ ತುಂಬುವುದಕ್ಕೆ. ಕನ್ನಡ ಟೀಚರಿಗೂ ಹೊಳೆಯಲಿಲ್ಲ, ಹೊಳೆಯ ಪಂಡಿತಳಿಗೂ ಹೊಳೆಯಲಿಲ್ಲ. ಅತ್ತೆ ಮಾತ್ರ ಒದ್ದೆ ಸೀರೆ ಹಿಂಡುತ್ತ, "ಇಬ್ಬರೂ ಕಲ್ತೀರಿ, ಒಬ್ಬರ ಮಾತು ಒಬ್ಬರಿಗೆ ತಿಳ್ಯಂಗಿಲ್ಲ" ಎಂದರು.

ಅದಾದ ಮೇಲೆ ಅವಳ ಕೆಲಸದ ರೀತಿಯೇ ಬದಲಾಯಿತು. ನೀರಿನ ಮಟ್ಟ ಅಳೆಯುವುದರ ಜೊತೆಗೆ ಊರೂರಿನ ಮಾತನ್ನೂ ಕೇಳತೊಡಗಿದಳು. ಮೊದಲು ನನ್ನ ಹತ್ತಿರವೇ ಬಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಕೂತು, "ಅಕ್ಕಾ, ಏನಂದ್ರ ಈ ಊರಿನ ಮಂದಿ ಎದ್ದು ಓಡ್ತಾರ್ರಿ?" ಎಂದಳು. ರೊಟ್ಟಿ ಬಡಿಯುತ್ತಿದ್ದ ನಾನು ಯೋಚಿಸದೆ, "ದನಾ ಬಿಚ್ರಿ ಅನ್ನು" ಎಂದೆ. ಹೊಳೆಸಾಲಿನಲ್ಲಿ ಯಾರಾದರೂ ದನ ಬಿಚ್ಚಿ ಎಂದರೆ ಅದಕ್ಕೆ ಎರಡನೇ ಅರ್ಥವಿಲ್ಲ. ನೀರು ಕೊಟ್ಟಿಗೆಗೆ ನುಗ್ಗುತ್ತಿದೆ, ಗೂಟದಿಂದ ಹಗ್ಗ ಬಿಚ್ಚಿ ಮೇಲಕ್ಕೆ ಹೊಡೆಯಿರಿ ಎಂದೇ ಅರ್ಥ. ಈಗ ನೆರೆ ಬರುವ ಮುಂಚೆ ನಮ್ಮ ಕಡೆಯ ಫೋನುಗಳಿಗೆ ಬರುವ ಎಚ್ಚರಿಕೆಯಲ್ಲಿ ಆ ಎರಡು ಪದ ಇರುತ್ತವೆ. ನನ್ನ ಬಾಯಿಂದ ಬಿದ್ದವು ಅವು.

ಹೆಸರು ಯಾರಿಗೆ ಬಂತು ಎಂದು ಬೇರೆ ಹೇಳಬೇಕೇ. ಹೊಸಪೇಟೆಯಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಂಡರು. ರೇಷ್ಮೆ ಸೀರೆ ಉಟ್ಟು ನಾನೂ ಹೋಗಿ ಮೂರನೇ ಸಾಲಿನಲ್ಲಿ ಕೂತೆ. ವೇದಿಕೆಯ ಮೇಲೆ ಅವಳು ಉಡಿಯ ಕತೆ ಹೇಳಿ, "ಈ ಮಾತು ನಂದಲ್ಲ, ಅಲ್ಲಿ ಕುಂತಾರಲ್ಲ, ನಮ್ಮಕ್ಕಂದು" ಎಂದು ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ನನ್ನ ಮಾತನ್ನು ನನಗೇ ದಾನ ಮಾಡಿದ ಹಾಗಾಯಿತು. ಅವಳು ಹೇಳದೇ ಇದ್ದಿದ್ದರೆ ಕದ್ದಳು ಎಂದಾದರೂ ಬೈಯಬಹುದಿತ್ತು. ಹೇಳಿ, ಆ ದಾರಿಯನ್ನೂ ಮುಚ್ಚಿದಳು. ಮನೆಗೆ ಬಂದು ಶಾಲನ್ನು ಅತ್ತೆಗೆ ಹೊದಿಸಿದಳು. ಅತ್ತೆ ಅದನ್ನು ಸೆಕೆಗಾಲದಲ್ಲೂ ತೆಗೆಯಲಿಲ್ಲ.

ಒಂದು ಬರಗಾಲದ ಬೇಸಿಗೆ ನೆನಪಿದೆ. ಕೆಳಗಿನ ಡ್ಯಾಮಿನ ಹಿನ್ನೀರು ತೀರ ಹಿಂದೆ ಸರಿದು, ಹೊಳೆ ನಡುವೆ ಒಂದು ಗೆರೆಯಾಗಿ ಉಳಿದಿತ್ತು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಯಾರೋ ಸೌತೆ ಬಳ್ಳಿ ಹಬ್ಬಿಸಿದ್ದರು. ಅವಳಿಗೆ ಆ ಗೆರೆಯ ಆಳ ಬೇಕಾಗಿತ್ತು. ನೀರು ಎದೆಮಟ್ಟ ಇದ್ದಲ್ಲಿ ನಾನು ಕೋಲು ಹಿಡಿದು ನಿಂತೆ, ಅವಳು ದಂಡೆಯಿಂದ ನೋಡಿ ಬರೆದುಕೊಂಡಳು. ಮುಗಿದ ಮೇಲೆ ನಾನು ಬೇಕೆಂದೇ ಆಚೆ ದಡದವರೆಗೆ ಈಜಿ, ತಿರುಗಿ ಈಜಿ ಬಂದೆ. ಸೀರೆ ಹಿಂಡುತ್ತಿದ್ದಾಗ ಅವಳು ಕೇಳಿದಳು:

"ಅಕ್ಕಾ, ನಿಮಗ ನನ್ನ ಮ್ಯಾಲ ಹೊಟ್ಟಿಕಿಚ್ಚು ಐತಲ್ರಿ?"

"ಐತಿ."

"ನನಗೂ ನಿಮ್ಮ ಮ್ಯಾಲ ಐತ್ರಿ. ನಾ ಹತ್ತನೇತ್ತ ಮುಗ್ಯೋ ತನಕ ಹೊಳಿ ಅಂದ್ರ ಪುಸ್ತಕದಾಗಿನ ಚಿತ್ರ. ಅಳ್ಯಾಕ ಕಲ್ತೆ, ಲೆಕ್ಕ ಹಾಕಾಕ ಕಲ್ತೆ. ನೀವು ಅದರೊಳಗ ಮಲಗಿದಂಗ ಹೋಗ್ತೀರಿ. ನೋಡಿದ್ರ ಹೊಟ್ಟಿ ಉರಿತೈತಿ."

ಈಜು ಕಲಿಸಲೇ ಎಂದೆ. ಕಲಿಸಿದೆ ಕೂಡ, ಅವಳು ಕಲಿಯಲಿಲ್ಲ. ನೀರಿನ ಮೇಲೆ ಬೆನ್ನು ಇಟ್ಟರೆ ಕೂಡಲೇ ಮುಳುಗುತ್ತೇನೆಂದು ನನ್ನ ಕೊರಳು ತಬ್ಬುವಳು. ಅಷ್ಟು ನಾವಿಬ್ಬರೂ ಬೇರೆಂದೂ ನಕ್ಕಿರಲಿಲ್ಲ. ಅವಳಿಗೆ ಬಾರದ್ದು ಒಂದಾದರೂ ನನ್ನಲ್ಲಿ ಉಳಿಯಿತು ಎಂದು ಒಳಗೊಳಗೆ ಸಮಾಧಾನವೂ ಆಗಿತ್ತು.

ಹೋದ ವರ್ಷ ಅವಳಿಗೆ ಕಾಯಿಲೆ ಕಾಣಿಸಿಕೊಂಡಿತು. ರಕ್ತದ್ದು ಎಂದರು. ದಾವಣಗೆರೆ ಆಸ್ಪತ್ರೆಗೆ ನಾನು ಸರದಿಯ ಮೇಲೆ ಹೋಗುತ್ತಿದ್ದೆ. ಮೈ ಇಳಿದು ಹಾಸಿಗೆಯಲ್ಲಿ ಮಗುವಿನಷ್ಟಾಗಿದ್ದಳು. ಆಗಲೂ ಫೋನು ನೋಡಿ, ಮೇಲೆ ಎಷ್ಟು ನೀರು ಬಿಟ್ಟಿದ್ದಾರೆ ಎಂದು ನನಗೆ ಹೇಳುತ್ತಿದ್ದಳು. ಅತ್ತೆ ಊರಿನಿಂದ ದಿನಾ ಮಳೆಯ ಗೀರು ಹೇಳುತ್ತಿದ್ದರು. ಮಳೆ ಇಲ್ಲದ ದಿನವೂ ಹೇಳುತ್ತಿದ್ದರು, ಅವಳಿಗೆ ಬೇಸರವಾಗಬಾರದೆಂದು. ಅದು ಸುಳ್ಳೆಂದು ಅವಳಿಗೆ ತಿಳಿಯುತ್ತಿತ್ತು, ಬರೆದುಕೊಳ್ಳುತ್ತಿರಲಿಲ್ಲ ಅಷ್ಟೇ. ಚಳಿಗಾಲ ಕಳೆಯುವುದರೊಳಗೆ ಹೋದಳು. ಹಿರಿಯವಳು ನಾನಿರುವಾಗ ಕಿರಿಯವಳು ಮುಂದೆ ಹೋದಳು. ಅದರಲ್ಲೂ ನನ್ನನ್ನು ಹಿಂದೆ ಹಾಕಿದಳು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಗಂಡನ ಮನೆಯ ಹೊಲದಲ್ಲೇ ಜಾಗ. ಹೊಳೆ ಕಾಣುವ ಮೂಲೆಯಲ್ಲಿ ಗುಂಡಿ ತೆಗೆಸೋಣ, ಅವಳಿಗೆ ಅದೇ ಒಪ್ಪುತ್ತದೆ ಎಂದು ಎಲ್ಲರೂ ಅಂದರು. ಆಗ ಮೈದುನ ತಲೆ ತಗ್ಗಿಸಿಕೊಂಡು ಹೇಳಿದ: "ಬ್ಯಾಡ ಅಂದಾಳ. ಕೂಡ್ಲಿಗಿ ಕಡಿ ತವರುಮನಿ ಹೊಲದಾಗ, ಹಳ್ಳದ ದಂಡಿಗೆ ಇಡ್ರಿ ಅಂದಾಳ. 'ಹೊಳಿ ಅಕ್ಕಂದೈತಿ' ಅಂದ್ಲು."

ಮಣ್ಣು ಕೊಟ್ಟು ಬರುವಾಗ ಬಂಧುಗಳೆಲ್ಲ ಅವಳ ದೊಡ್ಡ ಮನಸ್ಸನ್ನು ಹೊಗಳಿದರು. ಹೊಳೆಯನ್ನೇ ನೆಗೆಣ್ಣಿಗೆ ಬಿಟ್ಟುಕೊಟ್ಟು ಹೋದಳು ಎಂದರು. ನನಗೆ ಮೈ ಉರಿಯಿತು. ಬಿಟ್ಟುಕೊಡಲು ಅವಳದೇನಿತ್ತು? ಹುಟ್ಟಿದಾಗಿನಿಂದ ನನ್ನದಾಗಿದ್ದದ್ದನ್ನು ನನಗೇ ಕೊಟ್ಟು, ಕೊಟ್ಟವಳೆಂದು ಹೆಸರೂ ತಗೊಂಡಳು. ಬಸ್ಸಿನ ಕಿಟಕಿಗೆ ಮುಖ ಒತ್ತಿಕೊಂಡು ಕೊಟ್ಟೂರು ದಾಟುವವರೆಗೆ ಅಳುತ್ತಲೇ ಇದ್ದೆ. ಸಿಟ್ಟಿಗೆ ಅತ್ತೆನೋ, ಅವಳಿಗಾಗಿ ಅತ್ತೆನೋ, ಎರಡೂ ಒಂದೇ ಆಗಿತ್ತು.

ಈ ವರ್ಷ ಹೊಸ ನೀರು ಬಂದ ದಿನ ಅತ್ತೆ ಮೊರವನ್ನು ನನ್ನ ಕೈಗೆ ಕೊಟ್ಟರು. ನಾನು ಪಾವಟಿಗೆ ಇಳಿದೆ. ನೀರು ತಣ್ಣಗಿತ್ತು, ಎಷ್ಟಿರಬೇಕೋ ಅಷ್ಟೇ ಇತ್ತು. ಮೊರ ಸೊಟ್ಟಗಾಗದೆ, ಎಲ್ಲೂ ತಾಗದೆ, ನೆಟ್ಟಗೆ ನಡುಹೊಳೆಗೆ ಹೋಯಿತು. ಅದರಲ್ಲಿ ಪಾಲು ಕೇಳುವವರು ಯಾರೂ ಇರಲಿಲ್ಲ. ಕಣ್ಣಿಗೆ ಕಾಣುವಷ್ಟು ಹೊಳೆಯೂ ನನ್ನದೇ. ಅಷ್ಟನ್ನೂ ಒಬ್ಬಳೇ ಇಟ್ಟುಕೊಂಡು ಏನು ಮಾಡಬೇಕೋ ತಿಳಿಯದೆ, ಹೆಂಗಸರೆಲ್ಲ ಮನೆಗೆ ಹೋದ ಮೇಲೂ ನೀರಿನಲ್ಲೇ ನಿಂತಿದ್ದೆ.